ಮಂಟಪದಲ್ಲಿ ಡ್ರಾ, ಊರಲ್ಲಿ ರಾಜಿ

ನಮ್ಮೂರ ಹಾಲಿನ ಡೈರಿಯ ಸೆಕ್ರೆಟರಿ ಗುರುಪಾದಸ್ವಾಮಿಗೆ ಗೊತ್ತಿಲ್ಲದ ವಿಷಯ ಅಂತ ಈ ಭೂಮಿಯ ಮೇಲೆ ಒಂದೂ ಇರಲಿಲ್ಲ. ಗೊತ್ತಿದ್ದ ವಿಷಯಗಳೂ ಬಹಳ ಇರಲಿಲ್ಲ ಅನ್ನುವುದು ಬೇರೆ ಮಾತು. ಹಾಲಿಗೆ ಅದ್ದಿದ ಲ್ಯಾಕ್ಟೋಮೀಟರ್ ತೇಲಿ ನಿಲ್ಲುವಷ್ಟರಲ್ಲಿ ಅವನು ಕಾವೇರಿ ನೀರಿನ ತಗಾದೆ ಬಗೆಹರಿಸಿ, ಚಂದ್ರನ ಮೇಲೆ ಕಬ್ಬು ನಾಟಿ ಮಾಡಿ, ಸಾಲಿನಲ್ಲಿ ನಿಂತವರಿಗೆಲ್ಲ ಒಂದೊಂದು ಬುದ್ಧಿಮಾತು ಹೇಳಿ ಮುಗಿಸುತ್ತಿದ್ದ.

ಅಂಥವನ ಮಗಳು ಇಂಚರ, ಏಳನೇ ಕ್ಲಾಸಿನ ಹುಡುಗಿ, ಚೆಸ್‌ನಲ್ಲಿ ಶಾಲೆಗೇ ಮೊದಲು ಬಂದಳು. ಯಾರು ಕಲಿಸಿದ್ದು ಅಂತ ಊರವರು ಕೇಳಿದರೆ ಗುರುಪಾದಸ್ವಾಮಿ ಮೀಸೆ ಸವರಿಕೊಂಡು, "ಇನ್ಯಾರು?" ಅನ್ನುತ್ತಿದ್ದ. ಕಲಿಸಿದ್ದು ಶಾಲೆಯ ಡ್ರಿಲ್ ಮೇಷ್ಟ್ರು. ಈತ ಮಾಡಿದ್ದು ಇಷ್ಟೆ: ಒಂದು ಸಲ ಮಗಳ ಎದುರು ಆಡಲು ಕೂತು, ಕುದುರೆಯನ್ನು ನೆಟ್ಟಗೆ ಓಡಿಸಿದ. ಹಾಗೆ ಓಡಿಸೋ ಹಾಗಿಲ್ಲ ಅಂತ ಮಗಳು ಅಂದಾಗ, "ನಮ್ಮ ಕುದುರೆ, ನಮ್ಮಿಷ್ಟ" ಅಂತ ಎದ್ದು ಹೋದ.

"ಚೆಸ್ಸು ಅನ್ನೋದು ರಕ್ತದಲ್ಲೇ ಬರ್ಬೇಕು ಕಣ್ರಯ್ಯಾ" ಎಂದು ಒಂದು ಬೆಳಿಗ್ಗೆ ಡೈರಿಯಲ್ಲಿ ಸಾರಿದ.

ಹಾಲು ಹಾಕಲು ಬಂದಿದ್ದ ಚಿಕ್ಕನಿಂಗಮ್ಮ, "ಅಂಗಾರೆ ನಿಮ್ಮಣ್ಣನ ಮಗನೂ ಆಡ್ತಾನಂತಲ್ಲ ಸಾಮಿ. ರಕ್ತ ಒಂದೇ ಅಲ್ವಾ?" ಎಂದಳು.

ಆವತ್ತು ಚಿಕ್ಕನಿಂಗಮ್ಮನ ಹಾಲಿನಲ್ಲಿ ನೀರು ಜಾಸ್ತಿ ಇದೆ ಎಂದು ತೀರ್ಮಾನವಾಯಿತು.

ಅಣ್ಣನ ಹೆಸರು ಆ ಡೈರಿಯಲ್ಲಿ ಎತ್ತುವ ಹಾಗಿರಲಿಲ್ಲ. ಅಣ್ಣ ಶಿವನಂಜಯ್ಯ, ತಮ್ಮ ಗುರುಪಾದಸ್ವಾಮಿ, ಇಬ್ಬರ ಗದ್ದೆಗೂ ನಡುವೆ ಒಂದು ಬದು, ಬದುವಿನ ಮೇಲೆ ಒಂದು ತೆಂಗಿನ ಮರ. ಮರದ ಬುಡ ಅಣ್ಣನ ಕಡೆ, ತಲೆ ವಾಲಿದ್ದು ತಮ್ಮನ ಕಡೆ. ಬುಡ ಯಾರದೋ ಕಾಯಿ ಅವರದು ಎಂದು ಅಣ್ಣ. ಕಾಯಿ ಯಾರ ನೆಲಕ್ಕೆ ಬೀಳುತ್ತೋ ಅವರದು ಎಂದು ತಮ್ಮ. ಇದು ಮಾತಿನಿಂದ ಬೈಗುಳಕ್ಕೆ, ಬೈಗುಳದಿಂದ ಕೊಳ್ಳೇಗಾಲದ ಕೋರ್ಟಿಗೆ ಹೋಯಿತು. ಕಾಯಿ ಕೀಳದಂತೆ ಮರಕ್ಕೆ ಸ್ಟೇ ಬಂತು. ಮನೆಗೆ ಗೋಡೆ ಬಂತು. ಒಂದೇ ಹಟ್ಟಿಯ ನಡುಮನೆಯ ಮಧ್ಯೆ ಇಟ್ಟಿಗೆ ಗೋಡೆ ಎದ್ದು, ಬೀದಿಗೆ ಎರಡು ಬಾಗಿಲಾಗಿ, ಅಣ್ಣತಮ್ಮಂದಿರು ಮಾತು ಬಿಟ್ಟರು. ತಾಯಿ ಚನ್ನಾಜಮ್ಮ ಒಂದು ತಿಂಗಳು ಈ ಕಡೆ, ಒಂದು ತಿಂಗಳು ಆ ಕಡೆ. ಅಮಾವಾಸ್ಯೆ ಬಂತೆಂದರೆ ತಲೆದಿಂಬನ್ನೂ ಎಲೆಅಡಿಕೆ ಡಬ್ಬಿಯನ್ನೂ ಕಂಕುಳಲ್ಲಿ ಇಟ್ಟುಕೊಂಡು ಬೀದಿಗಿಳಿದು, ಪಕ್ಕದ ಬಾಗಿಲಿಗೆ ಹತ್ತುವುದು ಆ ಮುದುಕಿಯ ಪಾಡಾಗಿತ್ತು.

ಹೀಗಿರುವಾಗ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಮಕ್ಕಳಿಗೆಲ್ಲ ಸೇರಿ ಒಂದು ಚೆಸ್ ಪಂದ್ಯಾವಳಿ ನಡೆಯಿತು. ಭಾನುವಾರ, ಕೊಳ್ಳೇಗಾಲದ ಒಂದು ಕಲ್ಯಾಣ ಮಂಟಪದಲ್ಲಿ. ಗುರುಪಾದಸ್ವಾಮಿ ಒಗೆದ ಬಿಳಿ ಶರಟು ಹಾಕಿಕೊಂಡು, ಮಗಳ ಜೊತೆ ಹೋದ. ಹೋಗಿ ನೋಡಿದರೆ ಅಣ್ಣನೂ ತನ್ನ ಮಗ ಮನ್ವಿತನನ್ನು ಕರೆತಂದಿದ್ದಾನೆ! ಮನ್ವಿತ ಯಳಂದೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ ಹುಡುಗ. ಗುರುಪಾದಸ್ವಾಮಿ ತಕ್ಷಣ ಹೆಂಡತಿ ಸೌಮ್ಯಳಿಗೆ ಫೋನ್ ಮಾಡಿ, "ಅವ್ನೂ ಬಂದವ್ನೆ ಕಣಮ್ಮಿ" ಎಂದು ಸುದ್ದಿ ಮುಟ್ಟಿಸಿದ.

ಸಂಜೆಯವರೆಗೂ ಎಲ್ಲ ಸುಸೂತ್ರವಾಗಿಯೇ ನಡೆಯಿತು. ಕೊನೆಯ ಸುತ್ತಿಗೆ ಯಾರಿಗೆ ಯಾರು ಎದುರಾಳಿ ಎಂದು ಗೋಡೆಗೆ ಅಂಟಿಸಿದರು. ಇಂಚರಳ ಎದುರು ಮನ್ವಿತ!

ಗುರುಪಾದಸ್ವಾಮಿ ಪಟ್ಟಿಯನ್ನು ಎರಡು ಸಲ ಓದಿದ. ನೇರ ತೀರ್ಪುಗಾರರ ಮೇಜಿಗೆ ಹೋದ. ತೀರ್ಪುಗಾರರು ಮಹದೇವಸ್ವಾಮಿ ಎಂಬ ಮೇಷ್ಟ್ರು; ನಗುವುದು ನಿಯಮದಲ್ಲಿಲ್ಲ ಎಂಬಂತಿದ್ದ ಮನುಷ್ಯ.

"ಸಾ, ಇವ್ರಿಬ್ರನ್ನ ಎದ್ರುಬದ್ರು ಕೂರಿಸ್ದೋರು ಯಾರು?"

"ಕಂಪ್ಯೂಟರ್ ಕೂರಿಸಿದ್ದು."

"ಕಂಪ್ಯೂಟರ್‌ಗೆ ನಮ್ಮನೆ ವಿಸ್ಯ ಯಾರು ಏಳಿದ್ರು ಸಾ?"

ತೀರ್ಪುಗಾರರು, ಪೋಷಕರೆಲ್ಲ ಹೊರಗೆ ನಡೆಯಿರಿ ಎಂದು ಮೈಕಿನಲ್ಲಿ ಹೇಳಿದರು.

ಮಂಟಪಕ್ಕೆ ಆ ಪಕ್ಕ ಎರಡು ಕಿಟಕಿ. ಒಂದಕ್ಕೆ ಅಣ್ಣ ಮುಖವಿಟ್ಟ, ಇನ್ನೊಂದಕ್ಕೆ ತಮ್ಮ. ತಮ್ಮನ ಪಕ್ಕದಲ್ಲಿ ಲೊಕ್ಕನಹಳ್ಳಿಯ ರಂಗಸ್ವಾಮಿ ಎಂಬೊಬ್ಬ ರೈತ ಬಂದು ನಿಂತ. ಅವನ ಮಗಳೂ ಒಳಗೆ ಆಡುತ್ತಿದ್ದಳು.

"ನೋಡಿ, ಈಗ ನಮ್ಮ ಕೂಸು ಆನೆ ಬುಟ್ಲು" ಎಂದು ಗುರುಪಾದಸ್ವಾಮಿ ವಿವರಣೆ ಶುರು ಮಾಡಿದ. "ಆನೆ ಅಂದ್ರೆ ನೆಟ್ಟಗೆ ಓಗೋ ಪ್ರಾಣಿ. ಆಚೆ ಈಚೆ ತಿರುಗಂಗಿಲ್ಲ."

ರಂಗಸ್ವಾಮಿ ಬೆರಗಾದ. "ನೆಟ್ಟಗೆ ಓಯ್ತದಾ? ಯಾವೂರ ಆನೆ ಸಾ ಅದು? ನಮ್ಮೂರ್ ತಾವು ಕಾಡಿಂದ ಇಳಿಯೋ ಆನೆ ಟಾರ್ಚ್ ಬುಟ್ರೆ ಇಂಗೆ, ಪಟಾಕಿ ಒಡುದ್ರೆ ಅಂಗೆ. ಜ್ವಾಳದ ಒಲದಲ್ಲಿ ನೆಟ್ಟಗೆ ನಡ್ದಿದ್ ಆನೆಯ ನಾನು ಉಟ್ಟಿದಾಗಿಂದ ನೋಡಿಲ್ಲ."

"ಇದು ಟ್ರೈನಿಂಗ್ ಆಗಿರೋ ಆನೆ" ಎಂದು ಗುರುಪಾದಸ್ವಾಮಿ ಗಂಭೀರವಾಗಿ ಹೇಳಿ ಬಚಾವಾದ.

ಆಟ ಬೆಳೆಯಿತು. ಬೇರೆ ಮೇಜುಗಳೆಲ್ಲ ಖಾಲಿಯಾದವು. ಒಡೆಯರಪಾಳ್ಯದ ಟಿಬೆಟನ್ ಶಿಬಿರದ ಹುಡುಗಿಯೊಬ್ಬಳು ತನ್ನ ಆಟ ಗೆದ್ದು ಮೊದಲ ಸ್ಥಾನ ಖಚಿತ ಮಾಡಿಕೊಂಡು, ಹೊರಗೆ ಬಂದು ಐಸ್‌ಕ್ರೀಂ ತಿಂದು ಮುಗಿಸಿದಳು. ಇಂಚರ, ಮನ್ವಿತ ಮಾತ್ರ ತಲೆಗೆ ತಲೆ ತಾಗುವಂತೆ ಬಗ್ಗಿ ಕೂತೇ ಇದ್ದರು. ಆನೆಗಳು ಸತ್ತವು, ಒಂಟೆ ಕುದುರೆ ಸತ್ತವು, ಮಂತ್ರಿಗಳು ಸತ್ತರು. ಕೊನೆಗೆ ಅಷ್ಟಗಲದ ಹಲಗೆಯ ಮೇಲೆ ಉಳಿದದ್ದು ಒಂದು ಕಪ್ಪು ರಾಜ, ಒಂದು ಬಿಳಿ ರಾಜ. ಮಕ್ಕಳಿಬ್ಬರೂ ಮುಖ ನೋಡಿಕೊಂಡು ಕಿಸಕ್ಕನೆ ನಕ್ಕರು. ಎದ್ದು ನಿಂತು ಕೈ ಕುಲುಕಿದರು. ಮುಂದಿದ್ದ ಕಾಗದದ ಮೇಲೆ ಇಬ್ಬರೂ ಏನೋ ಗೀಚಿದರು.

ಗುರುಪಾದಸ್ವಾಮಿ ಬಾಗಿಲಿಗೆ ಓಡಿದ. "ಯಾರ್ ಗೆದ್ದದ್ದು ಸಾ?"

"ಯಾರೂ ಗೆಲ್ಲಲಿಲ್ಲ" ಎಂದರು ಮಹದೇವಸ್ವಾಮಿ. "ಡ್ರಾ."

ಗುರುಪಾದಸ್ವಾಮಿಗೆ ಗೊತ್ತಿದ್ದ ಡ್ರಾ ಒಂದೇ, ಬ್ಯಾಂಕಿನದು. "ಏನು ಡ್ರಾ ಮಾಡಿದ್ಲು ಸಾ?"

ತೀರ್ಪುಗಾರರು ಕನ್ನಡಕ ತೆಗೆದು ಒರೆಸಿಕೊಂಡು, ತಾಳ್ಮೆಯಿಂದ ಹೇಳಿದರು. "ರಾಜಿ ಅಂತ ತಿಳ್ಕೊಳ್ರಿ. ಇಬ್ಬರದೂ ಸಮ. ಕೈ ಕುಲುಕಿ, ಸೈನ್ ಮಾಡಿ ಕೊಟ್ಟಿದ್ದಾರೆ."

"ಸೈನಾ!" ಎಂದ ಗುರುಪಾದಸ್ವಾಮಿ. ಶಿವನಂಜಯ್ಯನ ಮಗನ ಜೊತೆ ತನ್ನ ಮಗಳು ರಾಜಿ! ಅದೂ ರುಜು ಹಾಕಿ! ನಾಳೆ ಡೈರಿಯಲ್ಲಿ ಯಾವ ಮುಖ ಇಟ್ಟುಕೊಂಡು ಹಾಲು ಅಳೆಯುವುದು? ಹೆಂಡತಿಗೆ ಫೋನ್ ಹಚ್ಚಿದ. ಅಷ್ಟರಲ್ಲಿ ಮೈಕಿನವರು ಬಹುಮಾನ ವಿತರಣೆಗೆಂದು ಹಾಡು ಹಾಕಿದರು.

"ಅಲೋ, ರಾಜಿ ಆಗೋಯ್ತು ಕಣಮ್ಮೀ!" ಎಂದು ಕಿರುಚಿದ.

"ಏನು? ಯಾವ ರಾಜಿ?" ಎಂದಳು ಸೌಮ್ಯ.

"ರಾಜಿ ಕಣಮ್ಮಿ, ರಾಜಿ! ನಮ್ದಕ್ಕೂ ಅವ್ನ ಕಡೇದಕ್ಕೂ! ಕೈ ಕೈ ಇಡ್ಕಂಡ್ರು, ತೀರ್ಪುಗಾರ್ರ ಮುಂದೇನೆ ಸೈನೂ ಆಕ್ಬುಟ್ರು!"

ಇಷ್ಟು ಹೇಳುವಷ್ಟರಲ್ಲಿ ಫೋನಿನ ಚಾರ್ಜ್ ಮುಗಿದು, ಪರದೆ ಕಪ್ಪಾಯಿತು. ಶಿವನಂಜಯ್ಯನೋ, ಪಂದ್ಯಕ್ಕೆ ಫೋನ್ ತರಬೇಡಿ ಎಂದು ಸಂಘಟಕರು ಹೇಳಿದ್ದಕ್ಕೆ ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದ ವಿಧೇಯ ಪ್ರಜೆ. ಹೀಗಾಗಿ ಕೊಳ್ಳೇಗಾಲಕ್ಕೂ ನಮ್ಮೂರಿಗೂ ಮಧ್ಯೆ ಸತ್ಯ ಸಂಚರಿಸುವ ದಾರಿಯೆಲ್ಲ ಬಂದಾಯಿತು.

ಸೌಮ್ಯ ಫೋನ್ ಹಿಡಿದು ಕಂಬದ ಹಾಗೆ ನಿಂತಳು. ಜಗಲಿಯ ಮೇಲೆ ಎಲೆಅಡಿಕೆ ಜಗಿಯುತ್ತಿದ್ದ ಚನ್ನಾಜಮ್ಮ, "ಏನಾಯ್ತವ್ವಾ? ಮೊಗ ಯಾಕಂಗೆ ಬಿಳಚ್ಕತ್ತು?" ಎಂದಳು.

"ಅತ್ತೆ... ನಿಮ್ಮ್ ಮಕ್ಕಳಿಬ್ರೂ ಕೇಸು ರಾಜಿ ಮಾಡ್ಕಂಡವ್ರಂತೆ. ಜಡ್ಜಿ ಮುಂದೆ ಸೈನ್ ಆಕವ್ರಂತೆ."

ಮುದುಕಿಯ ಬಾಯಿಯಿಂದ ಎಲೆಅಡಿಕೆ ಹಾಗೇ ಮಡಿಲಿಗೆ ಬಿತ್ತು. ಗೋಡೆಗೆ ಒರಗಿ ಕೂತಳು. ಆಮೇಲೆ, "ಮಾದಪ್ಪಾ!" ಎಂದು ಒಂದು ಕೂಗು ಕೂಗಿದಳು. ಅವಳು ಕರೆದದ್ದು ಬೆಟ್ಟದ ಮಾದಪ್ಪನನ್ನು. ಆದರೆ ಬೀದಿಯಲ್ಲಿ ಹೋಗುತ್ತಿದ್ದ ಮರ ಹತ್ತುವ ದೊಡ್ಡಮಾದಪ್ಪ ತನ್ನನ್ನೇ ಎಂದುಕೊಂಡು ಓಡಿ ಬಂದ.

ಹಿಂದೆಯೇ ಪಂಚಾಯಿತಿ ಮೆಂಬರ್ ಸಿದ್ದಮಲ್ಲಪ್ಪನೂ ಬಂದ. ಈ ಅಣ್ಣತಮ್ಮಂದಿರ ನಡುವೆ ಪಂಚಾಯ್ತಿ ಮಾಡಲು ಹೋಗಿ ಇಬ್ಬರಿಂದಲೂ ಉಗಿಸಿಕೊಂಡು ಬಂದಿದ್ದವನು ಅವನು. ಸುದ್ದಿ ಕೇಳಿ ಅವನ ಹುಬ್ಬು ನೆತ್ತಿಗೆ ಏರಿತು.

"ಭಾನುವಾರ ಕೋಲ್ಟು ಇರ್ತದಾ ಮೆಂಬ್ರೇ?" ಎಂದು ದೊಡ್ಡಮಾದಪ್ಪ ಅನುಮಾನ ಎತ್ತಿದ.

ಸಿದ್ದಮಲ್ಲಪ್ಪ ಕ್ಷಣ ತಡವರಿಸಿದ. ಆದರೆ ಮೆಂಬರ್ ಆದವನಿಗೆ ಗೊತ್ತಿಲ್ಲ ಎನ್ನುವ ಹಕ್ಕಿಲ್ಲ. "ಲೋಕ ಅದಾಲತ್ತು ಕಣ್ಲಾ. ಅದು ಯಾವತ್ ಬೇಕಾರೂ ಕೂರ್ತದೆ. ಈ ರಾಜಿಗೆ ಬೀಜ ಆಕಿದ್ದೇ ನಾನು" ಎಂದು ಹೇಳಿ, ಹಾರ ತರಲು ಆಳು ಓಡಿಸಿದ. ಸಾಲದ್ದಕ್ಕೆ ಗುರುಪಾದಸ್ವಾಮಿಯ ವಕೀಲರಿಗೆ ಫೋನ್ ಮಾಡಿ ಅಭಿನಂದನೆ ಹೇಳಿದ. ಆ ಕಡೆಯಿಂದ ವಕೀಲರು, "ನನ್ನ ಕಕ್ಷಿದಾರ? ರಾಜಿ? ನನಗೆ ತಿಳಿಸದೆ?" ಎಂದು ಮೂರು ಸಲ ಉಸಿರು ಎಳೆದದ್ದು ಬೀದಿಗೆಲ್ಲ ಕೇಳಿಸಿತು.

ಚನ್ನಾಜಮ್ಮ ಇದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. "ಲೇ ಮಾದಪ್ಪ, ಆರೆ ತಕಂಡ್ ಬಾ."

"ಮರ ಅತ್ತಾಕೆ ಆರೆ ಯಾಕಜ್ಜಿ?"

"ಮರ ಆಮೇಲೆ. ಮೊದ್ಲು ಗ್ವಾಡೆ."

ಗೋಡೆಯ ಆ ಕಡೆ, ಶಿವನಂಜಯ್ಯನ ಹೆಂಡತಿ ಪ್ರೇಮಾ ಟಿವಿ ನೋಡುತ್ತಾ ಅವರೆಕಾಳು ಬಿಡಿಸುತ್ತಿದ್ದಳು. ಗೋಡೆ ಧಡ್ ಎಂದಿತು. ಇನ್ನೊಂದು ಸಲ ಧಡ್ ಎಂದಿತು. ಮೂರನೆಯ ಸಲ, ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನ ಶಿವಪಾರ್ವತಿಯರ ಮಧ್ಯದಿಂದ ಹಾರೆಯ ತುದಿ ಹೊರಕ್ಕೆ ಇಣುಕಿತು. ಅವರೆಕಾಯಿ ಮೊರ ಮೇಲಕ್ಕೆ ಹಾರಿತು. ಪ್ರೇಮಾ ಕಿರುಚಲು ಬಾಯಿ ತೆರೆದಳು, ದನಿ ಬರಲಿಲ್ಲ. ಇಟ್ಟಿಗೆಗಳು ಉದುರಿ, ಧೂಳು ಇಳಿದು, ತೂತಿನಲ್ಲಿ ಅತ್ತೆಯ ಮುಖ ಮೂಡಿತು.

"ಗಾಬ್ರಿ ಬೀಳ್ಬೇಡ ಕನವ್ವ ಪ್ರೇಮಾ. ರಾಜಿ ಆಗೋಯ್ತು."

"ಯಾರ್ದು?"

"ನಿನ್ ಗಂಡಂದು, ಅವ್ನ್ ತಮ್ಮಂದು. ಸೈನ್ ಆಕವ್ರೆ."

"ನನ್ನ್ ಒಂದ್ ಮಾತೂ ಕೇಳ್ದೆಲೇನಾ!" ಎಂದಳು ಪ್ರೇಮಾ, ಈಗ ದನಿ ಬಂದು. ಹಾರೆಯ ಬೆರಗಿಗಿಂತ ಇದು ದೊಡ್ಡ ಬೆರಗಾಯಿತು. ಆ ತೂತಿನ ಈ ಕಡೆಯಿಂದ ಸೌಮ್ಯಳೂ, "ನನ್ನೂ ಕೇಳಿಲ್ಲ ಕನಕ್ಕ" ಎಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡಂದಿರ ಮೇಲಿನ ಸಿಟ್ಟು ಸಮ ಇದ್ದುದರಿಂದ ವಾರಗಿತ್ತಿಯರಲ್ಲಿ ಅಲ್ಲೇ ಒಂದು ಒಗ್ಗಟ್ಟು ಹುಟ್ಟಿತು. ಅವರೆಕಾಳನ್ನು ಇಬ್ಬರೂ ಸೇರಿ ಆರಿಸಿದರು. ಆ ಹೊತ್ತಿಗೆ ದೊಡ್ಡಮಾದಪ್ಪ ಮರ ಹತ್ತಿ ಎಲ್ಲ ಗೊನೆಗಳನ್ನೂ ಕೆಡವಿ, ಕಾಯಿಗಳನ್ನು ಗಾಡಿಯಲ್ಲಿ ತಂದು ಅಂಗಳದಲ್ಲಿ ಗುಡ್ಡೆ ಹಾಕಿದ್ದ. ಒಂದಿಷ್ಟು ಕಾಯಿ ತುರಿದು ಪಾಯಸಕ್ಕೂ ಬಿತ್ತು.

ಇತ್ತ ಬಸ್ಸಿನಲ್ಲಿ ಅಣ್ಣ ಮುಂದಿನ ಸೀಟಿನಲ್ಲಿ, ತಮ್ಮ ಹಿಂದಿನ ಸೀಟಿನಲ್ಲಿ. ಮಕ್ಕಳು ಮಧ್ಯದ ಸೀಟಿನಲ್ಲಿ ಅಂಟಿ ಕೂತು, ಆ ನಡೆ ಹಾಗಿದ್ದಿದ್ದರೆ ಈ ನಡೆ ಹೀಗಿರುತ್ತಿತ್ತು ಎಂದು ದಾರಿಯುದ್ದಕ್ಕೂ ಬಾಯಿ ಮುಚ್ಚಲಿಲ್ಲ.

ನಮ್ಮೂರ ಸ್ಟಾಪಿನಲ್ಲಿ ಬಸ್ ನಿಂತಿತು. ಶಿವನಂಜಯ್ಯ ಇಳಿದ, ಕೊರಳಿಗೆ ಹಾರ ಬಿತ್ತು. ಗುರುಪಾದಸ್ವಾಮಿ ಇಳಿದ, ಅವನಿಗೂ ಬಿತ್ತು. ಪಟಾಕಿ ಹಚ್ಚಿದರು. ತಾವು ಇಳಿಯಬೇಕಾದ ಊರು ಇದೇನಾ ಎಂದು ಅಣ್ಣ ಬೋರ್ಡು ನೋಡಿದ. ಇದೆಲ್ಲ ಅಣ್ಣನದೇ ಕರಾಮತ್ತು ಎಂದು ತಮ್ಮನೂ, ತಮ್ಮನದೇ ಎಂದು ಅಣ್ಣನೂ ಒಳಗೊಳಗೇ ಕುದಿದರು. ಮೆಂಬರ್ ಇಬ್ಬರ ಹೆಗಲ ಮೇಲೂ ಒಂದೊಂದು ಕೈ ಹಾಕಿ, ಮನೆಯವರೆಗೆ ದೂಡಿಕೊಂಡೇ ಹೋದ.

ಮನೆಯೊಳಗೆ ಕಾಲಿಟ್ಟವರು ಕಲ್ಲಾದರು. ನಡುಮನೆಯ ಗೋಡೆಯಲ್ಲಿ ಒಂದು ಆಳು ನುಗ್ಗುವಷ್ಟು ಬಾಯಿ. ಆ ಬಾಯಿಯ ಈಚೆ ಒಂದು ಕಾಲು, ಆಚೆ ಒಂದು ಕಾಲು ಇಟ್ಟುಕೊಂಡು, ಉದುರಿದ ಇಟ್ಟಿಗೆಗಳ ಮೇಲೆ ಚನ್ನಾಜಮ್ಮ ಕೂತಿದ್ದಾಳೆ.

"ಬಂದ್ರಾ ಮಕ್ಳಾ" ಎಂದಳು. ಅಳತೊಡಗಿದಳು.

"ಗ್ವಾಡೆ ಒಡ್ದೋರ್ ಯಾರು?" ಎಂದ ಶಿವನಂಜಯ್ಯ.

"ಮರದ್ ಕಾಯಿ ಇಳಿಸ್ದೋರ್ ಯಾರು? ಸ್ಟೇ ಐತೆ!" ಎಂದ ಗುರುಪಾದಸ್ವಾಮಿ.

"ಈಗೇನ್ ಸ್ಟೇ ಸ್ವಾಮಿ?" ಎಂದ ಮೆಂಬರ್. "ರಾಜಿ ಮಾಡ್ಕಂಡು ಸೈನ್ ಆಕಿದ್ದೀರಲ್ಲ!"

"ಯಾರು?" ಎಂದರು ಇಬ್ಬರೂ ಒಟ್ಟಿಗೆ.

"ನೀವೇ ಅಲ್ವಾ ಫೋನಲ್ಲಿ ಏಳಿದ್ದು?" ಎಂದಳು ಸೌಮ್ಯ, ಗಂಡನ ಕಡೆ ನೋಡಿ. "ಜಡ್ಜಿ ಮುಂದೆ ಅಂದ್ರಿ."

ಗುರುಪಾದಸ್ವಾಮಿಗೆ ಆಗ ತಲೆಯಲ್ಲಿ ಏನೋ ಕಳಚಿ ಬಿದ್ದಂತಾಯಿತು. ಅವನ ಜೀವಮಾನದಲ್ಲಿ ಹೇಳಲು ಏನೂ ಇಲ್ಲದ ಗಳಿಗೆ ಅದೇ ಮೊದಲು. ಉತ್ತರ ಕೊಟ್ಟವಳು ಇಂಚರ.

"ಅದು ಚೆಸ್ಸಮ್ಮ. ನಾನೂ ಮನ್ವಿತಣ್ಣನೂ ಡ್ರಾ ಮಾಡ್ಕಂಡ್ವಿ. ಆಟ ಮುಗಿದ್ಮೇಲೆ ಇಬ್ರೂ ಸೈನ್ ಹಾಕ್ಬೇಕು. ರಾಜಿ ಇದ್ದಂಗೆ ಅಂತ ಸರ್ ಹೇಳಿದ್ರು."

ಹೊರಗೆ ಉಳಿದಿದ್ದ ಒಂದು ಪಟಾಕಿ ಸಮಯ ಗೊತ್ತಿಲ್ಲದೆ ಢಮ್ಮೆಂದಿತು. ದೊಡ್ಡಮಾದಪ್ಪ ಹಾರೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಬೀಜ ಹಾಕಿದ್ದೇ ತಾನು ಎಂದಿದ್ದ ಮೆಂಬರ್, ಯಾರೂ ಕೇಳದಿದ್ದರೂ, "ನಂಗೇನೂ ಗೊತ್ತಿಲ್ಲಪ್ಪ" ಎಂದು ಬಾಗಿಲ ಕಡೆ ಸರಿದ.

ಚನ್ನಾಜಮ್ಮ ಮೊಮ್ಮಗಳನ್ನೇ ನೋಡುತ್ತಿದ್ದಳು. "ಆಟದಲ್ಲಾ?" ಎಂದಳು ಮೆಲ್ಲಗೆ.

"ಹೂಂ ಅಜ್ಜಿ."

ಮುದುಕಿ ಕಣ್ಣೊರೆಸಿಕೊಂಡಳು. ಕೂತಲ್ಲಿಂದ ಏಳಲಿಲ್ಲ. "ಆಗ್ಲಿ. ಮಕ್ಳು ಮಾಡಿದ್ ರಾಜಿ. ನಿಮ್ಗೆ ಬ್ಯಾಡ್ವಾ? ಬ್ಯಾಡ ಅನ್ನೋನು ಮೊದ್ಲು ಕೈ ಎತ್ಲಿ. ಅವ್ನೇ ನನ್ನ್ ಎತ್ತಿ ಆಚ್ಗೆ ಕೂರ್ಸಿ ಈ ಗ್ವಾಡೆ ಕಟ್ಲಿ."

ಅಣ್ಣ ತಮ್ಮನನ್ನು ಓರೆಗಣ್ಣಲ್ಲಿ ನೋಡಿದ. ತಮ್ಮ ಅಣ್ಣನನ್ನು ಓರೆಗಣ್ಣಲ್ಲಿ ನೋಡಿದ. ಅಂಗಳದ ತುಂಬ ಜನ. ಮೊದಲು ಕೈ ಎತ್ತಿದವನು, ಹೆತ್ತವಳನ್ನು ಎತ್ತಿ ಪಕ್ಕಕ್ಕಿಟ್ಟು ಗೋಡೆ ಕಟ್ಟಿದವನೆಂದು ಮೂರು ತಾಲ್ಲೂಕಿನಲ್ಲೂ ಹೆಸರಾಗುತ್ತಾನೆ. ಅವನು ಎತ್ತಲಿ ಎಂದು ಇವನು, ಇವನು ಎತ್ತಲಿ ಎಂದು ಅವನು. ಗುರುಪಾದಸ್ವಾಮಿಗೆ ಕಿವಿಯ ಹಿಂದೆ ನವೆ ಬಂದಿತ್ತು, ಕೈ ಎತ್ತಿದರೆ ತಪ್ಪು ತಿಳಿದಾರೆಂದು ಕೆರೆದುಕೊಳ್ಳಲಿಲ್ಲ. ಶಿವನಂಜಯ್ಯ ಎರಡು ಕೈಗಳನ್ನೂ ಕಂಕುಳಲ್ಲಿ ಭದ್ರ ಮಾಡಿಕೊಂಡ.

"ಪಾಯ್ಸ ಆರೋಯ್ತದೆ" ಎಂದಳು ಪ್ರೇಮಾ. ಸೌಮ್ಯ ಎಲೆ ಹಾಕಿದಳು.

ಎಲೆಯ ಮುಂದೆ ಕೂತ ಮೇಲೂ ಅಣ್ಣತಮ್ಮ ಮಾತಾಡಲಿಲ್ಲ. ಶಿವನಂಜಯ್ಯ ಮಗನನ್ನೇ ಕೇಳಿದ: "ಅಲ್ಲ ಕಣ್ಲಾ, ಕೊನೇಲಿ ಎಲ್ಡೇ ರಾಜರು ಉಳಿದ್ರಲ್ಲ. ಓಗಿ ಅವ್ನ ಒಡಿಯಾಕೆ ಏನಾಗಿತ್ತು ನಿಂಗೆ?"

"ಆಗಲ್ಲಪ್ಪ. ರಾಜ ರಾಜನ ಪಕ್ಕದ ಮನೇಗೆ ಬರೋ ಹಂಗೇ ಇಲ್ಲ. ರೂಲ್ಸು."

"ಅದ್ಯಾವ ಮನೆಹಾಳ್ ರೂಲ್ಸ್‌ಲಾ" ಎಂದಳು ಚನ್ನಾಜಮ್ಮ.

ಅಷ್ಟರಲ್ಲಿ ಸೌಮ್ಯಳ ಫೋನ್ ಬಡಿದುಕೊಂಡಿತು. ವಕೀಲರು. ಸೌಮ್ಯ ಗಂಡನ ಕಿವಿಗೆ ಹಿಡಿದಳು. "ಏನ್ರಿ ಇದು, ರಾಜಿ ಅನ್ನೋದು ನಿಜವೋ ಸುಳ್ಳೋ? ನಾಳೆ ನಾನು ಕೋರ್ಟಲ್ಲಿ ಏನು ಹೇಳಲಿ?" ಎಂಬ ದನಿ ಎಲೆಎಲೆಗೂ ಕೇಳಿತು. ಗುರುಪಾದಸ್ವಾಮಿ ಸುತ್ತ ನೋಡಿದ. ನಿಜ ಎಂದರೆ ತಾನು ಬಗ್ಗಿದಂತೆ, ಸುಳ್ಳು ಎಂದರೆ ಕೈ ಎತ್ತಿದಂತೆ.

"ನಂಗ್ ಗೊತ್ತಿಲ್ಲ ಸಾ. ನಮ್ಮಣ್ಣನ್ ಕೇಳಿ" ಎಂದುಬಿಟ್ಟ.

ಬಡಿಸುತ್ತಿದ್ದ ಪ್ರೇಮಾಳ ಸೌಟು ಗಾಳಿಯಲ್ಲೇ ನಿಂತಿತು. ನಮ್ಮಣ್ಣ! ಆ ಮಾತು ಆ ಮನೆಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. ಫೋನ್ ಶಿವನಂಜಯ್ಯನ ಕಿವಿಗೆ ಬಂತು.

"ಚಿಕ್ಕೋನು ಅವನು. ಅವ್ನ್ ಏಳ್ದಂಗೆ ಮಾಡಿ ಸಾ. ನನ್ನ್ ತಮ್ಮನ್ನೇ ಕೇಳಿ."

"ಅವ್ರು ನಿಮ್ಮನ್ನ ಕೇಳು ಅಂತಾರೆ, ನೀವು ಅವ್ರನ್ನ ಕೇಳು ಅಂತೀರಿ!" ಎಂದು ವಕೀಲರು ಕೂಗಿಕೊಂಡರು.

ಚನ್ನಾಜಮ್ಮ ಕೈ ಚಾಚಿ ಫೋನ್ ಇಸಿದುಕೊಂಡಳು. "ಅಪ್ಪಾ ಲಾಯ್ರೇ, ನನ್ನ್ ಮಕ್ಳು ಒಟ್ಗೆ ಉಣ್ತಾ ಅವ್ರೆ. ತಡ್ಕಳಿ ಒಸಿ" ಎಂದು ಹೇಳಿ, ಅದನ್ನು ಕತ್ತರಿಸುವುದು ಹೇಗೆಂದು ತಿಳಿಯದೆ, ಹಾಗೇ ಉಪ್ಪಿನಕಾಯಿ ಜಾಡಿಯ ಪಕ್ಕ ಮಡಗಿದಳು.

ಹೀಗಾಗಿ ಮುಂದಿನದಕ್ಕೆಲ್ಲ ವಕೀಲರೇ ಸಾಕ್ಷಿ. ಮೊದಲು ಪಾಯಸ ಸುರಿದುಕೊಳ್ಳುವ ಸದ್ದು ಕೇಳಿತಂತೆ. ಆಮೇಲೆ, "ನಿನ್ನ್ ಕೂಸು ಆ ಆನೆ ಬುಡ್ದೆ ಇದ್ದಿದ್ರೆ ನನ್ನ್ ಮಗ ಗೆಲ್ತಿದ್ದ" ಎಂಬ ದನಿ. "ಚೆಸ್ಸಿನ ಗಂಧ ಗೊತ್ತಾ ನಿಂಗೆ? ಆನೆ ನೆಟ್ಟಗೆ ಓಯ್ತದಣ್ಣ, ನೆಟ್ಟಗೆ!" ಎಂಬ ಇನ್ನೊಂದು ದನಿ. "ನಂಗೇ ಏಳಾಕೆ ಬತ್ತೀಯೇನ್ಲಾ?" ಎಂದು ಎಲೆ ಬಡಿದ ಸದ್ದು. ಹೆಂಗಸರ ನಗು, ಮಕ್ಕಳ ನಗು, ಮುದುಕಿಯ ಕೆಮ್ಮು. ವಕೀಲರು ಫೋನ್ ಕಿವಿಗೊತ್ತಿ, ಇದು ಜಗಳವೋ ರಾಜಿಯೋ ಎಂದು ಕಾನೂನಿನ ಪ್ರಕಾರ ತೀರ್ಮಾನಿಸಲು ಬಹಳ ಹೊತ್ತು ಹೆಣಗಿದರು. ಕೊನೆಗೆ ಆ ಕಡೆಯಿಂದ ಯಾರೋ, "ಅಣ್ಣಂಗೆ ಇನ್ನೊಂದ್ ಸೌಟು ಬುಡಮ್ಮಿ" ಎಂದದ್ದು ಕೇಳಿ, ಗಾಬರಿಯಿಂದ ಫೋನ್ ಇಟ್ಟುಬಿಟ್ಟರು.